ಕೊಲೆ ಬರೆಯಲು ಕುಳಿತಾಗ

ದೀಪಾವಳಿಗೆ ಇನ್ನೂ ಎರಡು ತಿಂಗಳಿರುವಾಗ ನಮ್ಮ ಮಹಿಳಾ ಮಂಡಳದ ಕಾರ್ಯದರ್ಶಿ ಮನೆಗೆ ಬಂದರು. ಚಹಾ ಕುಡಿದು, ಅದೂ ಇದೂ ಮಾತಾಡಿ, ಹೊರಡುವಾಗ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಹೇಳಿದರು: “ಅಕ್ಕಾ, ಈ ಸಲದ ಸಂಚಿಕೆಗೆ ನೀವೊಂದು ಪತ್ತೇದಾರಿ ಕಥಿ ಕೊಡಬೇಕ್ರಿ. ಅಡಿಗಿ, ರಂಗೋಲಿ, ಹಾಡು ಎಲ್ಲಾ ಬಂದಾವ. ಕೊಲಿ ಒಂದೇ ಇಲ್ಲ ನೋಡ್ರಿ.”

ಸಾರಿಗೆ ಉಪ್ಪು ಒಂದೇ ಇಲ್ಲ ಎನ್ನುವ ಧಾಟಿಯಲ್ಲಿ ಅವರು ಹೇಳಿದರು. ನಾನೂ ನಕ್ಕು ಹೂಂ ಎಂದುಬಿಟ್ಟೆ. ಹೂಂ ಎನ್ನಲು ಕಾರಣವಿತ್ತು. ಕಾಲೇಜು ಓದಲೆಂದು ನಾನು ಬಾಗಲವಾಡದಿಂದ ರಾಯಚೂರಿಗೆ ಬಂದು ದೊಡ್ಡಪ್ಪನ ಮನೆಯಲ್ಲಿದ್ದೆ. ತೀನ್ ಕಂದೀಲಿನ ಹತ್ತಿರ ಬಾಡಿಗೆಗೆ ಪುಸ್ತಕ ಕೊಡುವ ಒಂದು ಗೂಡಂಗಡಿಯಿತ್ತು. ಅಲ್ಲಿಂದ ತಂದ ಪತ್ತೇದಾರಿ ಕಾದಂಬರಿಗಳನ್ನು ಅರ್ಥಶಾಸ್ತ್ರದ ನೋಟುಬುಕ್ಕಿನೊಳಗಿಟ್ಟು ಓದಿದವಳು ನಾನು. ಹೆಚ್ಚು ಶಾಲೆ ಕಲಿಯದೆ ಐನೂರಕ್ಕೂ ಮಿಕ್ಕಿ ಕಾದಂಬರಿ ಬರೆದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ನಮಗೆಲ್ಲ ಮನೆಯ ಅಣ್ಣನಿದ್ದಂತೆ. ಟಿ.ಕೆ. ರಾಮರಾಯರದು ಇನ್ನೊಂದು ಬಗೆಯ ಬರಹ. 1972ರಲ್ಲಿ ತೆರೆಕಂಡ ‘ಬಂಗಾರದ ಮನುಷ್ಯ’ದ ಮೂಲ ಕಾದಂಬರಿ ಇದೇ ರಹಸ್ಯಕಥೆಗಾರರದು ಎಂದು ಹೇಳಿದರೆ ಇವತ್ತಿಗೂ ಹಲವರು ನಂಬುವುದಿಲ್ಲ. ಇಷ್ಟು ಓದಿದ್ದೇನಲ್ಲ, ಒಂದು ಕೊಲೆ ಬರೆಯುವುದು ಏನು ಮಹಾ ಎಂದುಕೊಂಡೆ.

ಕೊಲೆಯೇನೋ ಅರ್ಧ ಪುಟದಲ್ಲಿ ಆಗಿಹೋಯಿತು. ಬಡ್ಡಿಗೆ ಸಾಲ ಕೊಡುವ ಒಬ್ಬ ಒಂಟಿ ಮುದುಕಿ, ಅಮಾವಾಸ್ಯೆಯ ರಾತ್ರಿ, ತೆರೆದ ಟ್ರಂಕು. ಕೊಂದವನು ಮಾತ್ರ ಹಾಳೆಯ ಮೇಲೆ ಎದ್ದು ನಿಲ್ಲಲೇ ಇಲ್ಲ. ಕೆನ್ನೆಯ ಮೇಲೆ ಗಾಯದ ಗುರುತು ಕೊಟ್ಟೆ. ಕೆಂಗಣ್ಣು ಕೊಟ್ಟೆ. ಊರೂರು ಅಲೆಯುವ ಒಂದು ಗುಂಪಿಗೆ ಅವನನ್ನು ಸೇರಿಸಿದೆ. ಆದರೂ ಹೊಲದ ಬೆರ್ಚಪ್ಪನಂತೆ ಇದ್ದಲ್ಲೇ ಇದ್ದ. ರಜೆಗೆಂದು ಬಂದಿದ್ದ ಮಗಳು ಓದಿ ಕೇಳಿದಳು:

“ಅವ್ವಾ, ಇವ ಯಾಕ ಕೊಂದ?”

“ರೊಕ್ಕಕ್ಕ.”

“ರೊಕ್ಕ ಎಲ್ಲಾರಿಗೂ ಬೇಕು. ಎಲ್ಲಾರೂ ಕೊಲ್ಲತಾರೇನು?”

ಅವಳು ಟವೆಲ್ಲು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದಳು. ನಾನು ಹಾಳೆ ಹಿಡಿದುಕೊಂಡು ಕುಳಿತೆ. ಇಷ್ಟು ವರ್ಷ ಇಷ್ಟು ಕಾದಂಬರಿ ಓದಿದ್ದೇನೆ. ಕೊನೆಯ ಪುಟದಲ್ಲಿ ಸಿಕ್ಕಿಬಿದ್ದವನು ಆ ಮೇಲೆ ಏನಾದ, ಅದಕ್ಕೆ ಮೊದಲು ಏನಾಗಿದ್ದ ಎಂದು ಒಂದು ಸಲವೂ ಕೇಳಿಕೊಂಡವಳಲ್ಲ. ಪುಸ್ತಕ ಮುಚ್ಚಿ ರೊಟ್ಟಿ ಬಡಿಯಲು ಏಳುತ್ತಿದ್ದೆ, ಅಷ್ಟೆ.

ಮಗಳೇ ಒಂದಿಷ್ಟು ಪುಸ್ತಕ ತಂದುಕೊಟ್ಟಳು. ಇಟಲಿಯಲ್ಲಿ ಲೊಂಬ್ರೋಸೊ ಎಂಬ ವೈದ್ಯನಿದ್ದನಂತೆ. ಕಳ್ಳರು ಕೊಲೆಗಾರರು ಹುಟ್ಟುತ್ತಲೇ ಹಾಗಿರುತ್ತಾರೆ, ತಲೆಬುರುಡೆ, ದವಡೆ, ಕಿವಿ ನೋಡಿಯೇ ಗುರುತಿಸಬಹುದು ಎಂದು 1876ರಲ್ಲಿ ದೊಡ್ಡ ಗ್ರಂಥವನ್ನೇ ಬರೆದ. ಓದುತ್ತ ನನಗೆ ನಗು ಬಂತು. ನಗು ಬಹಳ ಹೊತ್ತು ಉಳಿಯಲಿಲ್ಲ. ಅದಕ್ಕೂ ಐದು ವರ್ಷ ಮೊದಲೇ, 1871ರಲ್ಲಿ, ನಮ್ಮನ್ನು ಆಳುತ್ತಿದ್ದ ಬ್ರಿಟಿಷರು ಇದೇ ಮಾತನ್ನು ಕಾಯಿದೆ ಮಾಡಿಟ್ಟಿದ್ದರು. ಇಂಥಿಂಥ ಬುಡಕಟ್ಟಿನವರು ಹುಟ್ಟಾ ಅಪರಾಧಿಗಳು ಎಂದು ಪಟ್ಟಿ ಬರೆದು, ಬೇಲಿಯೊಳಗೆ ಕೂಡಿಹಾಕಿ, ಹಾಜರಿ ತೆಗೆದುಕೊಳ್ಳುತ್ತಿದ್ದರು. ಕಾಯಿದೆ ಹೋದದ್ದು ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ, 1952ರಲ್ಲಿ. ಹುಬ್ಬಳ್ಳಿಯಲ್ಲಿ, ಗದಗದಲ್ಲಿ ಆ ಜಾಗಗಳನ್ನು ಜನ ಇಂದಿಗೂ ಸೆಟ್ಲಮೆಂಟ್ ಎಂದೇ ಕರೆಯುತ್ತಾರೆ. ಬೇಲಿ ಕಿತ್ತರೂ ಹೆಸರು ಕೀಳಲಾಗಲಿಲ್ಲ. ಊರೂರು ಅಲೆಯುವ ಗುಂಪಿನ ನನ್ನ ಕೆಂಗಣ್ಣಿನವನನ್ನು ನೆನೆದು ನಾಚಿಕೆಯಾಯಿತು. ಆ ಹಾಳೆ ಹರಿದುಹಾಕಿದೆ.

ಈ ನಡುವೆ ಪಕ್ಕದ ಮನೆಯ ಗೆಳತಿಯೊಬ್ಬರು, ಜೈನರು, ಸಂಜೆ ಹೊತ್ತು ಬಾರದವರು, ಅವತ್ತು ಬಂದರು. ನಾನೇನು ಬರೆಯುತ್ತಿದ್ದೇನೆಂದು ಕೇಳಿ ತಿಳಿದು, ಮೆಲ್ಲಗೆ ಹೇಳಿದರು: “ತಪ್ಪು ತಿಳಕೋಬ್ಯಾಡ್ರಿ. ನಮ್ಮಲ್ಲಿ ಕೈಲೆ ಕೊಂದ್ರಷ್ಟೇ ಅಲ್ಲ, ಮನಸಿನ್ಯಾಗ ಕೊಂದ್ರೂ ಹಿಂಸಾನ.”

ಅವರು ಹೋದ ಮೇಲೆ ಜನ್ನನ ‘ಯಶೋಧರ ಚರಿತೆ’ ನೆನಪಾಯಿತು. ಬರೆದದ್ದು 1209ರಲ್ಲಿ, ಅಂದರೆ ಎಂಟುನೂರು ವರ್ಷದ ಹಿಂದೆ. ಅರಸ ಯಶೋಧರನ ಹೆಂಡತಿ ಅಮೃತಮತಿ, ಕುರೂಪಿ ಮಾವುತನೊಬ್ಬನ ಹಾಡಿಗೆ ಮನಸೋಲುತ್ತಾಳೆ. ಕಣ್ಣಾರೆ ಕಂಡ ಅರಸ ಕತ್ತಿ ಎತ್ತಿ, ತಡೆದುಕೊಂಡು, ಹಿಂದಿರುಗುತ್ತಾನೆ. ತಾಯಿಯ ಮುಂದೆ ಕೆಟ್ಟ ಕನಸು ಬಿತ್ತೆಂದು ಮರೆಮಾಚುತ್ತಾನೆ. ಆಕೆ ದೇವಿಗೆ ಬಲಿ ಕೊಡು ಎನ್ನುತ್ತಾಳೆ. ಜೀವ ತೆಗೆಯಲಾರೆ ಎಂದು ಅವನು ಹಿಟ್ಟಿನಲ್ಲಿ ಒಂದು ಹುಂಜ ಮಾಡಿಸಿ ಕಡಿಯುತ್ತಾನೆ. ಕಡಿದಾಗ ಆ ಹಿಟ್ಟಿನ ಹುಂಜ ಕೂಗುತ್ತದೆ. ಆಮೇಲೆ ಹೆಂಡತಿಯಿಂದಲೇ ವಿಷ ತಿಂದು ಸತ್ತ ತಾಯಿ ಮಗ ಪ್ರಾಣಿಗಳಾಗಿ ಜನ್ಮಜನ್ಮ ತೊಳಲುತ್ತಾರೆ. ಗಿರೀಶ ಕಾರ್ನಾಡರು ಇದನ್ನೇ ಹಿಡಿದು ‘ಹಿಟ್ಟಿನ ಹುಂಜ’ ನಾಟಕ ಬರೆದರು.

ಕಾಲೇಜಿನಲ್ಲಿ ಪಾಠವಾಗಿದ್ದಾಗ ಇದು ನನಗೆ ಬಲು ಕ್ರೂರವೆನಿಸಿತ್ತು. ಹಿಟ್ಟು ಕಡಿದದ್ದಕ್ಕೆ ಇಷ್ಟು ಶಿಕ್ಷೆಯೇ? ಈಗ ಬೇರೆ ತೋರುತ್ತದೆ. ಯಶೋಧರ ಕೊಲೆಯನ್ನು ಕಲ್ಪಿಸಿಕೊಂಡದ್ದು ದೊಡ್ಡದಲ್ಲ. ಕೊಲೆಯ ಫಲ ಬೇಕು, ಕೊಂದ ಕೈ ಮಾತ್ರ ಚೊಕ್ಕಟವಾಗಿರಬೇಕು ಎಂದು ಲೆಕ್ಕ ಹಾಕಿದನಲ್ಲ, ಅದು ದೊಡ್ಡದು. ಅದೇ ಜನ್ನ, ಅಮೃತಮತಿಯ ಮನಸ್ಸು ಮಾವುತನ ಹಾಡಿನ ಹಿಂದೆ ಹರಿದ ಬಗೆಯನ್ನು ಬರೆಯಲು ಹೆದರಲಿಲ್ಲ. ಅವಳ ಮನಸ್ಸಿನೊಳಗೆ ಹೊಕ್ಕ. ಆದರೆ ಹೊಕ್ಕದ್ದಕ್ಕೆ ಅವಳು ಮಾಡಿದ್ದು ಸರಿ ಎಂದು ಹೇಳಲಿಲ್ಲ. ನಮ್ಮ ಭಾಷೆಗೆ ಕಳ್ಳರ ಸಹವಾಸವೂ ಹಳೆಯದೇ. ಕನ್ನಡದ ಅತ್ಯಂತ ಹಳೆಯ ಗದ್ಯಗಳಲ್ಲಿ ಒಂದಾದ ವಡ್ಡಾರಾಧನೆಯಲ್ಲಿ ವಿದ್ಯುಚ್ಚೋರನ ಕಥೆಯಿದೆ. ಶರಣರಲ್ಲಿ ಕನ್ನದ ಮಾರಿತಂದೆ ಕನ್ನ ಹಾಕುವ ತನ್ನ ಕಸುಬಿನ ಮಾತಿನಲ್ಲೇ ವಚನ ಹೇಳಿದ. ಹಾಗಾದರೆ ಬರೆಯುವುದು ಪಾಪವಲ್ಲ ಎಂದು ಧೈರ್ಯ ತಂದುಕೊಂಡೆ.

ನಮ್ಮ ಬಂಧುಗಳಲ್ಲಿ ಪೊಲೀಸ್ ಇಲಾಖೆಯಿಂದ ನಿವೃತ್ತರಾದ ಒಬ್ಬರಿದ್ದಾರೆ. ಅವರನ್ನು ಕೇಳಿದೆ. “ಕೊಂದವರ ಮನಸ್ಸು ಹೆಂಗಿರ್ತದ ಮಾವಾ?”

ಅವರು ಅಡಿಕೆ ಕತ್ತರಿಸುತ್ತ ಹೇಳಿದರು: “ಮನಸ್ಸು ಗಿನಸ್ಸು ನಾವು ಕೇಳಂಗಿಲ್ಲವ್ವ. ಎಲ್ಲಿದ್ದಿ, ಯಾವಾಗ ಬಂದಿ, ಯಾರ ಜೋಡಿ ಇದ್ದಿ, ಇಷ್ಟು ಕೇಳ್ತೀವಿ. ಯಾಕ ಅಂತ ಕೇಳಿದ್ರ ಎಲ್ಲಾರ ಹತ್ರನೂ ಒಂದು ಚಂದದ ಕಾರಣ ಇರ್ತದ.”

ಎಲ್ಲರ ಹತ್ತಿರವೂ ಒಂದು ಚಂದದ ಕಾರಣ! ಈ ಮಾತು ನನ್ನ ಬೆನ್ನು ಹತ್ತಿತು. ಅದನ್ನು ಹಿಡಿದುಕೊಂಡೇ ನಾನು ಕರಾವಳಿಯ ಆ ಮೋಹನನ ಕಥೆ ಓದಲು ಕುಳಿತದ್ದು.

ಪತ್ರಿಕೆಗಳು ಸಯನೈಡ್ ಮೋಹನ ಎಂದು ಕರೆದ ಈತ ದಕ್ಷಿಣ ಕನ್ನಡದ ಬಂಟ್ವಾಳದ ಕಡೆಯವನು, ಪ್ರಾಥಮಿಕ ಶಾಲೆಯಲ್ಲಿ ಮೇಷ್ಟರಾಗಿದ್ದವನು. 2003ರಿಂದ 2009ರವರೆಗೆ ಇಪ್ಪತ್ತು ಹೆಣ್ಣುಮಕ್ಕಳನ್ನು ಕೊಂದ ಆರೋಪ ಅವನ ಮೇಲೆ ಬಂತು. ಎಲ್ಲರೂ ಬಡಮನೆಯವರು, ಬಹುತೇಕರು ಮದುವೆಯ ವಯಸ್ಸು ದಾಟುತ್ತಿದ್ದವರು. ಈತ ಪರಿಚಯ ಮಾಡಿಕೊಂಡು, ತಾನೂ ಅವರ ಜಾತಿಯವನೇ ಎಂಬಂತೆ ಒಂದು ಹೆಸರು ಹೇಳಿ, ವರದಕ್ಷಿಣೆ ಬೇಡ, ಮದುವೆಯಾಗುತ್ತೇನೆ ಎನ್ನುತ್ತಿದ್ದ. ಇದ್ದಬದ್ದ ಬಂಗಾರ ಹಾಕಿಕೊಂಡು ಬಾ ಎನ್ನುತ್ತಿದ್ದ. ಮಡಿಕೇರಿಗೋ ಹಾಸನಕ್ಕೋ ಮೈಸೂರಿಗೋ ಕರೆದೊಯ್ದು, ವಸತಿಗೃಹದಲ್ಲಿ ರಾತ್ರಿ ಕಳೆದು, ಬೆಳಗಾಗುತ್ತಲೇ ಒಡವೆಗಳನ್ನು ಕೋಣೆಯಲ್ಲೇ ಇರಿಸಿ, ಬಸ್ ನಿಲ್ದಾಣಕ್ಕೆ ಕರೆತರುತ್ತಿದ್ದ. ಗರ್ಭ ನಿಲ್ಲದಿರಲಿ ಎಂದು ಒಂದು ಮಾತ್ರೆ ಕೊಟ್ಟು, ತಲೆ ಸುತ್ತಬಹುದು, ಶೌಚಾಲಯಕ್ಕೆ ಹೋಗಿ ನುಂಗು ಎನ್ನುತ್ತಿದ್ದ. ಅದು ಸಯನೈಡ್. ಅದಿರಿನಿಂದ ಚಿನ್ನ ಬಿಡಿಸಲು ಅದನ್ನು ಬಳಸುತ್ತಾರೆಂದು, ಹಟ್ಟಿಯ ಗಣಿ ಇರುವ ನಮ್ಮ ಜಿಲ್ಲೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. ಆತ ಅಕ್ಕಸಾಲಿಗನೆಂದು ಹೇಳಿಕೊಂಡು ಅದನ್ನು ಕೊಳ್ಳುತ್ತಿದ್ದನಂತೆ.

ಹುಡುಗಿ ಒಳಗಿನಿಂದ ಚಿಲಕ ಹಾಕಿಕೊಂಡು ಸತ್ತಿರುತ್ತಿದ್ದಳು. ಬಾಗಿಲು ಒಡೆದವರು ಆತ್ಮಹತ್ಯೆ ಇರಬೇಕು ಎನ್ನುತ್ತಿದ್ದರು. ಗುರುತು ಸಿಗದ ಹೆಣ, ಅಸಹಜ ಸಾವು ಎಂದು ಆ ಊರಿನ ಠಾಣೆಯಲ್ಲಿ ಬರೆದುಕೊಳ್ಳುತ್ತಿದ್ದರು. ಇತ್ತ ಅವಳ ಊರಲ್ಲಿ, ಯಾರ ಜೊತೆಗೋ ಓಡಿಹೋದಳು ಎಂದು ಮನೆಯವರು ತಲೆ ತಗ್ಗಿಸಿ ಸುಮ್ಮನಾಗುತ್ತಿದ್ದರು. ಒಂದು ಜಿಲ್ಲೆಯ ಹೆಣಕ್ಕೂ ಇನ್ನೊಂದು ಜಿಲ್ಲೆಯ ಕಾಣೆಯಾದವಳಿಗೂ ಗಂಟು ಹಾಕಿದವರಿಲ್ಲ. 2009ರಲ್ಲಿ ಬಂಟ್ವಾಳ ತಾಲ್ಲೂಕಿನ ಒಬ್ಬ ಹುಡುಗಿ ಕಾಣೆಯಾದಾಗ ಊರವರು ಗಲಾಟೆ ಎಬ್ಬಿಸಿದರು. ಪೊಲೀಸರು ಅವಳ ಮೊಬೈಲಿನ ಕರೆಗಳ ಜಾಡು ಹಿಡಿದು ಹೋದರೆ ಸಿಕ್ಕಿದ್ದು ಕಾಣೆಯಾದ ಇನ್ನೊಬ್ಬಳ ಮೊಬೈಲು. ಹೀಗೆ ಒಂದೊಂದೇ ಕೊಂಡಿ ಬಿಚ್ಚಿ ಅಕ್ಟೋಬರಿನಲ್ಲಿ ಅವನು ಸಿಕ್ಕಿಬಿದ್ದ. 2013ರ ಡಿಸೆಂಬರಿನಲ್ಲಿ ಮಂಗಳೂರಿನ ನ್ಯಾಯಾಲಯ ಮೊದಲ ಮೂರು ಪ್ರಕರಣಗಳಲ್ಲಿ ಗಲ್ಲು ವಿಧಿಸಿತು. ಇಪ್ಪತ್ತನೆಯದರ ತೀರ್ಪು ಬಂದಾಗ 2020ರ ಜೂನ್. ಮೇಲಿನ ನ್ಯಾಯಾಲಯದಲ್ಲಿ ಕೆಲವು ಶಿಕ್ಷೆಗಳು ಬದಲಾದವು. ತನ್ನ ಪರವಾಗಿ ನ್ಯಾಯಾಲಯದಲ್ಲಿ ಅವನೇ ವಾದ ಮಾಡಿದ್ದೂ ಉಂಟು.

ಓದಿದ ಮೇಲೆ ನಾಲ್ಕು ದಿನ ನಾನು ಪೆನ್ನು ಮುಟ್ಟಲಿಲ್ಲ. ಅವನ ಮನಸ್ಸಿನಲ್ಲಿ ಏನಿತ್ತು ಎಂದು ತಿಳಿಯಲು ಹೊರಟವಳಿಗೆ, ನಮ್ಮ ಮನಸ್ಸಿನಲ್ಲಿ ಏನಿದೆಯೆಂದು ಅವನಿಗೆ ಎಷ್ಟು ಚೆನ್ನಾಗಿ ಗೊತ್ತಿತ್ತು ಎಂಬುದು ಕಂಡು ಮೈ ನಡುಗಿತು. ವರದಕ್ಷಿಣೆ ನಿಷೇಧದ ಕಾಯಿದೆ ಬಂದದ್ದು 1961ರಲ್ಲಿ. ಇಷ್ಟು ವರ್ಷದ ಮೇಲೂ ‘ವರದಕ್ಷಿಣೆ ಬೇಡ’ ಎಂಬ ಎರಡು ಮಾತಿಗೆ ಒಂದು ಹೆಣ್ಣು ಮನೆಬಿಟ್ಟು ಬರುತ್ತಾಳೆಂದು ಅವನಿಗೆ ಗೊತ್ತಿತ್ತು. ಬಂದವಳನ್ನು ಮನೆಯವರು ಹುಡುಕುವುದಿಲ್ಲ ಎಂದೂ ಗೊತ್ತಿತ್ತು. ಮಗಳಿಗಿಂತ ಮರ್ಯಾದೆಯನ್ನು ಮೊದಲು ಒಳಗೆ ಕರೆದು ಬಾಗಿಲು ಹಾಕಿಕೊಳ್ಳುವ ನಮ್ಮ ಗುಣದ ಮೇಲೆ ಅವನ ಲೆಕ್ಕವೆಲ್ಲ ನಿಂತಿತ್ತು. ಆರು ವರ್ಷ ಆ ಲೆಕ್ಕ ತಪ್ಪಲಿಲ್ಲ. ಅವನ ಬಳಿ ಇದ್ದ ನಿಜವಾದ ವಿಷ ಯಾವುದು ಹೇಳಿ?

ಬೆಂಗಳೂರಿನ ಸುತ್ತಮುತ್ತ ಕೆಂಪಮ್ಮ ಮಾಡಿದ್ದೂ ಇದೇ ಜಾತಿಯ ಕೆಲಸ. 1999ರಿಂದ 2007ರ ನಡುವೆ ಆರು ಹೆಂಗಸರನ್ನು ಕೊಂದವಳು. ದೇವಸ್ಥಾನಗಳಲ್ಲಿ ಕಣ್ಣು ಒದ್ದೆ ಮಾಡಿಕೊಂಡು ಕೂತವರ ಪಕ್ಕ ಹೋಗಿ ಕೂರುತ್ತಿದ್ದಳು. ಮಕ್ಕಳಿಲ್ಲವೇ, ಗಂಡ ಸರಿಯಿಲ್ಲವೇ ಎಂದು ಕೇಳುತ್ತಿದ್ದಳು. ಒಂದು ಪೂಜೆ ಮಾಡಿಸೋಣ, ಒಡವೆ ಹಾಕಿಕೊಂಡು ಬಾ ಎಂದು ಕರೆದು ತೀರ್ಥದಲ್ಲಿ ಸಯನೈಡ್ ಕೊಡುತ್ತಿದ್ದಳು. ಆ ಹೆಂಗಸರ ಕಷ್ಟವನ್ನು ಅಡ್ಡಮಾತಿಲ್ಲದೆ, ಅವಸರವಿಲ್ಲದೆ ಕೂತು ಕೇಳಿದವಳು ಬಹುಶಃ ಅವಳೊಬ್ಬಳೇ. ಇದನ್ನು ಬರೆಯುವಾಗ ನನ್ನ ಕೈ ಹಿಂಜರಿಯುತ್ತದೆ. ಇನ್ನೊಬ್ಬರ ಮನಸ್ಸನ್ನು ಅರಿಯುವುದೇ ಒಳ್ಳೆಯತನ ಎಂದು ಮಕ್ಕಳಿಗೆ ನಾವು ಹೇಳಿಕೊಡುತ್ತೇವೆ. ಬರಿ ಅರಿಯುವುದರಲ್ಲಿ ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ ಎಂದು ಈ ಇಬ್ಬರನ್ನು ಓದಿದ ಮೇಲೆ ಅನ್ನಿಸಿಬಿಟ್ಟಿದೆ. ಕಥೆ ಬರೆಯುವವಳ ಕೈಯಲ್ಲಿರುವುದೂ ಅದೇ ಆಯುಧ. ನಾನೂ ನಿಮ್ಮ ಮನಸ್ಸಿನ ಚಿಲಕ ಎಲ್ಲಿದೆಯೆಂದು ನೋಡಿಕೊಂಡೇ ಕಥೆ ಕಟ್ಟುವವಳಲ್ಲವೇ?

ಮಗಳು ತಂದ ಪುಸ್ತಕಗಳಲ್ಲಿ ಒಂದು ಕಡೆ, ಅಮೆರಿಕದ ಸೈಕ್ಸ್ ಮತ್ತು ಮಾಟ್ಜಾ ಎಂಬಿಬ್ಬರು ಸಮಾಜಶಾಸ್ತ್ರಜ್ಞರು 1957ರಲ್ಲಿ ಹೇಳಿದ ವಿಚಾರವಿತ್ತು. ತಪ್ಪು ಮಾಡುವವರಿಗೆ ತಪ್ಪೆಂದರೇನು ಎಂದು ಗೊತ್ತಿಲ್ಲದೆ ಇರುವುದಿಲ್ಲ, ನಮ್ಮಷ್ಟೇ ಗೊತ್ತಿರುತ್ತದೆ. ಆ ಅರಿವಿನ ಬಾಯಿ ಕಟ್ಟಲು ಅವರು ಕೆಲವು ಮಾತು ಕಲಿತಿರುತ್ತಾರೆ, ಅಷ್ಟೆ. ನನ್ನ ಕೈಲಿರಲಿಲ್ಲ. ಅವರಿಗೇನು ದೊಡ್ಡ ನಷ್ಟವಾಗಲಿಲ್ಲ. ಅವರಿಗೆ ಹಾಗೇ ಆಗಬೇಕಿತ್ತು. ಹೇಳುವವರೇನು ಸಾಚಾಗಳೇ? ನನ್ನವರಿಗಾಗಿ ಮಾಡಿದೆ. ಹೀಗೆ ಐದು ಬಗೆಯೆಂದು ಅವರು ಎಣಿಸಿದ್ದಾರೆ. ಓದುತ್ತ ಓದುತ್ತ, ಇವನ್ನೆಲ್ಲ ನಾನು ಎಲ್ಲೋ ಕೇಳಿದ್ದೇನಲ್ಲ ಎನ್ನಿಸಿತು. ಅಡಿಗೆಮನೆಯಲ್ಲಿ ಕೇಳಿದ್ದೆ. ಪಡಸಾಲೆಯಲ್ಲಿ ಕೇಳಿದ್ದೆ. ನನ್ನೊಳಗೇ ಕೇಳಿದ್ದೆ.

ಹೇಳಿಬಿಡುತ್ತೇನೆ. ಯಾರಿಗೂ ಹೇಳಿದ್ದಲ್ಲ.

1968ರ ಸುಮಾರು. ಬಾಗಲವಾಡದ ನಮ್ಮ ಮಾಳಿಗೆ ಮನೆ. ನನಗೆ ಹತ್ತು ವರ್ಷ. ಅಪ್ಪನ ತಂಗಿ, ನನ್ನ ಅತ್ತೆ, ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡನ ಮನೆಯಿಂದ ಬಂದು ನಮ್ಮಲ್ಲೇ ಇದ್ದಳು. ಯಾಕೆ ಬಂದಳೆಂದು ಮಕ್ಕಳಿಗೆ ಯಾರೂ ಹೇಳುತ್ತಿರಲಿಲ್ಲ. ದೊಡ್ಡವರು ಮಾತಾಡುವಾಗ ಅವಳು ಎದ್ದು ಹಿತ್ತಿಲಿಗೆ ಹೋಗುತ್ತಿದ್ದಳು. ಹತ್ತಿ ಬಿಡಿಸುವ ಕಾಲ. ಒಂದು ಮಧ್ಯಾಹ್ನ ಎಲ್ಲರೂ ಹೊಲಕ್ಕೆ ಹೋಗಿದ್ದರು. ಜ್ವರ ಬಂದು ನಾನು ಪಡಸಾಲೆಯಲ್ಲಿ ಕೌದಿ ಹೊದ್ದು ಮಲಗಿದ್ದೆ. ಅತ್ತೆ ಅಜ್ಜಿಯ ದಿಂಬಿನ ಕೆಳಗಿನಿಂದ ಕೀಲಿ ತೆಗೆದಳು. ಟ್ರಂಕು ತೆರೆದಳು. ಅಜ್ಜಿಯ ಬೋರಮಾಳ ಸರವನ್ನು ತೆಗೆದು ಸೆರಗಿನಲ್ಲಿ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ತಿರುಗಿದಾಗ ನನ್ನ ಕಣ್ಣು ತೆರೆದಿತ್ತು. ಅವಳು ಏನೂ ಅನ್ನಲಿಲ್ಲ. ಹತ್ತಿರ ಬಂದು ಹಣೆ ಮುಟ್ಟಿ ನೋಡಿದಳು. ಕೌದಿಯನ್ನು ಕೊರಳ ತನಕ ಎಳೆದಳು.

ಎಂಟು ದಿನದ ಮೇಲೆ ಸರ ಇಲ್ಲದ್ದು ಗೊತ್ತಾಯಿತು. ಮನೆಗೆ ಕಸಮುಸುರೆಗೆ ಬರುತ್ತಿದ್ದವಳ ಮೇಲೆ ಅಜ್ಜಿಗೆ ಅನುಮಾನ. ಅವಳ ಹೆಸರು ಹೇಳುವುದಿಲ್ಲ. ನಮ್ಮ ಎಲ್ಲ ಮಕ್ಕಳಿಗೂ ಎಣ್ಣೆ ಹಚ್ಚಿ ಎರೆದವಳು ಅವಳೇ. ಅಪ್ಪನಿಗೆ ಠಾಣೆಗೆ ಹೋಗಲು ಮನಸ್ಸಿರಲಿಲ್ಲ. ಅಂಜನ ಹಾಕುವ ಒಬ್ಬಾತನನ್ನು ಕರೆಸಿದರು. ಅಂಜನದಲ್ಲಿ ನೋಡಲು ಮಕ್ಕಳೇ ಬೇಕಂತೆ. ನನ್ನನ್ನು ಕೂರಿಸಿದರು. ವೀಳ್ಯದೆಲೆಗೆ ಕಪ್ಪು ಬಳಿದು, ದೀಪದ ಮುಂದೆ ಹಿಡಿಸಿ, ಎವೆಯಿಕ್ಕದೆ ನೋಡು ಎಂದ. ಮೊದಲು ಕಸ ಹೊಡೆಯುವವರು ಬರುತ್ತಾರೆ, ಆಮೇಲೆ ನೀರು ಚಿಮುಕಿಸುವವರು, ಆಮೇಲೆ ಹನುಮಪ್ಪ ಬಂದು ಕೂಡುತ್ತಾನೆ. ಬಂದರೇನು, ಬಂದರೇನು ಎಂದು ಕೇಳುತ್ತಿದ್ದ. ನನಗೆ ಕಂಡದ್ದು ದೀಪದ ಕುಡಿ ಮಾತ್ರ. ಎಲ್ಲರೂ ಉಸಿರು ಹಿಡಿದು ನೋಡುತ್ತಿದ್ದರು. ಹೂಂ ಹೂಂ ಎನ್ನುತ್ತ ಹೋದೆ.

“ಕಳುವು ಮಾಡಿದವರು ಗಂಡಸೋ ಹೆಂಗಸೋ?”

“ಹೆಂಗಸು,” ಎಂದೆ. ಅದು ಸುಳ್ಳಲ್ಲ.

“ಒಳಗಿನಾಕಿಯೋ ಹೊರಗಿನಾಕಿಯೋ?”

ತಲೆ ಎತ್ತಿದೆ. ಅಡಿಗೆಮನೆಯ ಬಾಗಿಲಿಗೆ ಒರಗಿ ಅತ್ತೆ ನಿಂತಿದ್ದಳು. ಅಂಗಳದಲ್ಲಿ, ಮೆಟ್ಟಿಲ ಕೆಳಗೆ, ಇನ್ನೊಬ್ಬಳು ನಿಂತಿದ್ದಳು, ಒಳಗೆ ಬರುವಂತಿರಲಿಲ್ಲ. ಇಬ್ಬರೂ ನನ್ನನ್ನೇ ನೋಡುತ್ತಿದ್ದರು.

“ಹೊರಗಿನಾಕಿ,” ಎಂದೆ.

ಅಷ್ಟೇ. ಒಂದು ಮಾತು. ಅವಳ ಮೇಲೆ ಯಾರೂ ಕೈ ಮಾಡಲಿಲ್ಲ. ಹಿರಿಯರು ಕೂತು ದಂಡ ಹಾಕಿದರು. ಬೇರೆ ಮನೆಗಳವರೂ ಕೆಲಸಕ್ಕೆ ಬೇಡವೆಂದರು. ಆ ಬೇಸಿಗೆಗೆ ಗಂಡ, ಮೂರು ಮಕ್ಕಳನ್ನು ಕಟ್ಟಿಕೊಂಡು ಗುಳೆ ಹೋದಳು. ಗುಳೆ ಹೋದವರು ಮುಂಗಾರಿಗೆ ಬರುವುದು ನಮ್ಮ ಕಡೆಯ ರೂಢಿ. ಅವರು ಬರಲಿಲ್ಲ. ಅತ್ತೆಯನ್ನು ಮಾತ್ರ ತಿಂಗಳೊಪ್ಪತ್ತಿನಲ್ಲಿ ಗಂಡನ ಮನೆಯವರು ಬಂದು ಕರೆದುಕೊಂಡು ಹೋದರು. ಅವರಿಗೆ ಬರಬೇಕಿದ್ದ ಬಾಕಿ ಹೇಗೋ ಮುಟ್ಟಿತ್ತು.

ನಾನು ಯಾಕೆ ಹಾಗೆ ಅಂದೆ? ಐವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇದನ್ನು ತಿರುವಿಹಾಕಿದ್ದೇನೆ. ಹೆದರಿಕೆಯೆನ್ನೋಣವೆಂದರೆ, ಅತ್ತೆ ನನ್ನನ್ನು ಒಮ್ಮೆಯೂ ಹೆದರಿಸಿರಲಿಲ್ಲ. ಪ್ರೀತಿಯೆನ್ನೋಣವೆಂದರೆ, ನನಗೆ ಎಣ್ಣೆ ಎರೆದವಳ ಮೇಲೂ ಪ್ರೀತಿಯಿತ್ತು. ಮಗು, ಏನು ತಿಳಿಯುತ್ತದೆ ಎಂದು ನೀವು ಹೇಳಬಹುದು. ತಿಳಿದಿತ್ತು. ಯಾರ ಹೆಸರು ಹೇಳಿದರೆ ಮನೆ ಮುರಿಯುತ್ತದೆ, ಯಾರ ಹೆಸರು ಹೇಳಿದರೆ ಏನೂ ಆಗುವುದಿಲ್ಲ ಎಂದು ಹತ್ತು ವರ್ಷದ ನನಗೆ ಚೆನ್ನಾಗಿ ತಿಳಿದಿತ್ತು. ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ಅವತ್ತು ರಾತ್ರಿ ಕೌದಿಯೊಳಗೆ ನಾನು ಹೇಳಿಕೊಂಡ ಮಾತು ಇವತ್ತಿಗೂ ನೆನಪಿದೆ: ‘ಅವರ ಮನ್ಯಾಗ ಹೆಂಗೂ ಏನೂ ಇಲ್ಲ, ಹೋಗಾಕ.’ ಅಮೆರಿಕದ ಆ ಇಬ್ಬರ ಪಟ್ಟಿಯಲ್ಲಿ ಇದು ಎರಡನೆಯದು.

ಹಾಗೆಂದು ನಾನೂ ಆ ಮೋಹನನೂ ಒಂದೇ ಎಂದು ನಾನು ಹೇಳುತ್ತಿಲ್ಲ. ಅದು ಸುಳ್ಳು ವಿನಯವಾದೀತು. ಸತ್ತ ಆ ಹೆಣ್ಣುಮಕ್ಕಳಿಗೆ ಅವಮಾನವೂ ಆದೀತು. ಎದುರಿಗೆ ಕೂತು ನಗುತ್ತ ಮಾತ್ರೆ ಕೊಟ್ಟು, ಮತ್ತೆ ಮತ್ತೆ ಕೊಟ್ಟು, ರಾತ್ರಿ ನಿದ್ದೆ ಮಾಡಿದ ಮನಸ್ಸು ನನಗೆ ಅರ್ಥವಾಗಿಲ್ಲ. ಅರ್ಥವಾಯಿತೆಂದು ಕಥೆಯಲ್ಲಿ ನಟಿಸುವುದೂ ಬೇಡ. ಅವನಿಗೆ ಆರು ವರ್ಷ ದಾರಿ ಬಿಟ್ಟ ಮೌನವಿದೆಯಲ್ಲ, ಅದು ನನಗೆ ಅರ್ಥವಾಗುತ್ತದೆ. ಅದರ ಭಾಷೆ ನನಗೆ ಬರುತ್ತದೆ. ನಾನು ಬರೆಯಬಲ್ಲದ್ದು ಅಷ್ಟನ್ನೇ.

ಅತ್ತೆಯನ್ನು ನಾನು ದ್ವೇಷಿಸಲಿಲ್ಲ. ಅವಳ ಮನಸ್ಸು ನನಗೆ ತಿಳಿದಷ್ಟು ಯಾವ ಅಪರಾಧಿಯದೂ ತಿಳಿಯದು. ಗಂಡನ ಮನೆಯಿಂದ ತಿರಸ್ಕೃತಳಾಗಿ ತವರಿನ ಮೂಲೆಯಲ್ಲಿ ಕೂತ ಇಪ್ಪತ್ತೆರಡರ ಹೆಣ್ಣು, ತನ್ನ ತಾಯಿಯ ಬಂಗಾರವನ್ನೇ ತೆಗೆದು ತನ್ನ ಬಾಳನ್ನು ಬಿಡಿಸಿಕೊಂಡಳು. ಕೇಳಿದವರಿಗೆ ಕಣ್ಣೀರು ಬರುವಂಥದ್ದೇ. ಆದರೆ ನನ್ನ ಕಣ್ಣೀರು ಅಂಗಳದಲ್ಲಿ ನಿಂತವಳ ದಂಡವನ್ನು ಕಟ್ಟುವುದಿಲ್ಲವಲ್ಲ. ಅತ್ತೆಯ ವರದಕ್ಷಿಣೆಯನ್ನು ಕೊನೆಗೆ ತೆತ್ತವಳು ಅವಳು.

ಅತ್ತೆ ಹೋದ ವರ್ಷ ತೀರಿಕೊಂಡಳು. ಅದಕ್ಕೆ ಮೊದಲು ಒಮ್ಮೆ ನೋಡಲು ಹೋಗಿದ್ದಾಗ ನಾವಿಬ್ಬರೇ ಇದ್ದೆವು. ನನ್ನ ಕೈ ಹಿಡಿದುಕೊಂಡು, ಅಷ್ಟು ವರ್ಷದಲ್ಲಿ ಮೊದಲ ಸಲ, ಅವಳೇ ಎತ್ತಿದಳು.

“ಆ ದಿನ ನೀ ಒಂದು ಮಾತು ಅಂದಿ ನೋಡವ್ವ, ನನ್ನ ಬಾಳೆ ಉಳೀತು. ಅದಕ್ಕ ನನಗ ನೀ ಹೊಟ್ಟ್ಯಾಗ ಹುಟ್ಟಿದ ಮಗಳಿಗಿಂತ ಹೆಚ್ಚು.”

“ಆಕಿ ಬಾಳೆ ಅತ್ತಿ?”

ಯಾರು ಎಂದು ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಆಕೀದೇನವ್ವ, ದುಡಿಯೋ ಕೈ. ಎಲ್ಲಿ ಹೋದ್ರೂ ದುಡಕೊಂಡು ತಿಂತಾಳ,” ಎಂದಳು. ಆಮೇಲೆ, ಚಹಾ ಮಾಡಲು ಹೇಳು ಎಂದಳು.

ಸಂಚಿಕೆಗೆ ಕೊನೆಗೂ ಒಂದು ಕಥೆ ಕೊಟ್ಟೆ. ಮುದುಕಿಯನ್ನು ಯಾರೂ ಕೊಲ್ಲುವುದಿಲ್ಲ. ಪತ್ತೇದಾರನೂ ಇಲ್ಲ. ಒಂದು ಮನೆ, ಒಂದು ಸರ, ದೀಪದ ಮುಂದೆ ಕೂತ ಹುಡುಗಿ. ಕಾರ್ಯದರ್ಶಿಯವರು ಓದಿ ಫೋನ್ ಮಾಡಿದರು. “ಅಕ್ಕಾ, ಕಥಿ ಛಲೋ ಅದ. ಆದ್ರ ಕಳ್ಳರನ್ನ ಹಿಡಿಯೂದೇ ಇಲ್ಲಲ್ರಿ?” ಮುಂದಿನ ಸಲ ಹಿಡಿಯುತ್ತೇನೆ ಎಂದೆ.

ಅದರಲ್ಲಿ ನಾನು ಬರೆಯದೆ ಬಿಟ್ಟ ಒಂದು ಪುಟವಿದೆ. 1991ರಲ್ಲಿ, ಮಾನ್ವಿಯ ಬಸ್ ನಿಲ್ದಾಣದಲ್ಲಿ, ಮಗಳನ್ನು ಸೊಂಟದ ಮೇಲೆ ಇಟ್ಟುಕೊಂಡು ರಾಯಚೂರಿನ ಬಸ್ಸಿಗೆ ಕಾಯುತ್ತಿದ್ದೆ. ತಲೆ ಪೂರಾ ನರೆತ ಒಬ್ಬ ಹೆಂಗಸು ಬುಟ್ಟಿ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. ನಾನೇ ಮೊದಲು ಗುರುತು ಹಿಡಿದಿದ್ದೆ. ಬೇರೆ ಕಡೆ ತಿರುಗಿ ನಿಂತಿದ್ದೆ. ಹತ್ತಿರ ಬಂದಳು. ಮಗುವಿನ ಗಲ್ಲ ಮುಟ್ಟಿ ಲಟಿಕೆ ಮುರಿದಳು. ನಿನ್ನ ಮಗಳೇನವ್ವ, ನಿನ್ನಂಗ ಅದಾಳ ಎಂದಳು. ಅಜ್ಜಿ ತೀರಿಕೊಂಡದ್ದನ್ನು ಹೇಳಿದೆ. ಒಂದು ಗಳಿಗೆ ಸುಮ್ಮನಿದ್ದು ಕೇಳಿದಳು:

“ಸರ ಸಿಕ್ತೇನವ್ವ?”

ಇಲ್ಲ ಎಂದೆ. ಬಸ್ಸು ಬಂತು.